ಸಿಪಿಆರ್ ಕ್ಲಾಸಿಗೆ ದುಡ್ಡು ಕಟ್ಟುವ ಮೊದಲು ಬೊಂಬೆ ಎಣಿಸಿ

ಮುಂಬಯಿ, ಪುಣೆಯಲ್ಲಿ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಉಸಿರು ಕೊಡುವುದನ್ನು, ಕಲಿಸುತ್ತೇವೆ ಅನ್ನುವವರಿಗೆ ಬರವಿಲ್ಲ. ಫೋನ್ ಮಾಡಿ ವಿಚಾರಿಸಿದರೆ ಮಾತು ಶುರುವಾಗುವುದೇ ಸರ್ಟಿಫಿಕೇಟಿನಿಂದ. ಯಾವ ದೇಶದ್ದು, ಎಷ್ಟು ವರ್ಷ ನಡೆಯುತ್ತದೆ, ಎಷ್ಟು ದಿನದಲ್ಲಿ ಕೈಗೆ ಬರುತ್ತದೆ. ಇವೆಲ್ಲ ಆಮೇಲೆ ಕೇಳಿದರೂ ನಡೆಯುತ್ತದೆ. ಮೊದಲು ಕೇಳಬೇಕಾದ್ದು ಒಂದೇ: ಎಷ್ಟು ಜನಕ್ಕೆ ಎಷ್ಟು ಬೊಂಬೆ ತರುತ್ತೀರಿ?

ಬೊಂಬೆ ಅಂದರೆ ಮ್ಯಾನಿಕಿನ್. ಎದೆಯೊಳಗೆ ಸ್ಪ್ರಿಂಗ್, ಬಾಯಿಂದ ಊದಿದರೆ ಉಬ್ಬುವ ಪ್ಲಾಸ್ಟಿಕ್ ಚೀಲ ಇರುವ ಅರ್ಧ ಮೈಯ ಗೊಂಬೆ. ಲೆಕ್ಕ ಹಾಕಿ ನೋಡೋಣ. ಆಫೀಸಿನ 60 ಜನ, ಎರಡು ಬೊಂಬೆ, ಒಂದೂವರೆ ತಾಸಿನ ಕಾರ್ಯಕ್ರಮ. ಸ್ವಾಗತ, ಸ್ಲೈಡು, ವಿಡಿಯೋ, ಪ್ರಶ್ನೋತ್ತರ ಎಂದು ಒಂದು ತಾಸು ಹೋಯಿತು. ಉಳಿದದ್ದು 30 ನಿಮಿಷ. ಎರಡು ಬೊಂಬೆಗೆ ಸೇರಿ 60 ನಿಮಿಷ. ತಲೆಗೆ ಒಂದು ನಿಮಿಷ. ಅದರಲ್ಲೇ ಮಂಡಿಯೂರಬೇಕು, ಫೋಟೋಕ್ಕೆ ಮುಖ ಕೊಡಬೇಕು, ಎದ್ದು ಮುಂದಿನವರಿಗೆ ಜಾಗ ಬಿಡಬೇಕು. ಕೈ ನಿಜವಾಗಿ ಎದೆಯ ಮೇಲಿದ್ದದ್ದು ಅರ್ಧ ನಿಮಿಷವೂ ಇಲ್ಲ. ನಿಜವಾದ ಸಂದರ್ಭದಲ್ಲಿ ಒಬ್ಬರು ಎರಡು ನಿಮಿಷ ಎಡೆಬಿಡದೆ ಒತ್ತಿ ಇನ್ನೊಬ್ಬರಿಗೆ ಬಿಟ್ಟುಕೊಡಬೇಕು. ಆ ಎರಡು ನಿಮಿಷ ಎಷ್ಟು ಉದ್ದ ಎಂಬುದು ಅರ್ಧ ನಿಮಿಷ ಒತ್ತಿದವರಿಗೆ ತಿಳಿಯುವುದೇ ಇಲ್ಲ.

ಒಂದು ಬೊಂಬೆಗೆ ಮೂರು ಜನಕ್ಕಿಂತ ಹೆಚ್ಚು ಇರಬಾರದು. ಆರೋಗ್ಯ ಸಿಬ್ಬಂದಿಗೆಂದು ಇರುವ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಬಿಎಲ್ಎಸ್ (ಬೇಸಿಕ್ ಲೈಫ್ ಸಪೋರ್ಟ್) ಕ್ಲಾಸಿನಲ್ಲಿ ಒಬ್ಬ ಶಿಕ್ಷಕರಿಗೆ ಆರು ಜನ, ಎರಡು ಬೊಂಬೆ ಎಂಬ ಹದವಿದೆ. ಸಾಮಾನ್ಯ ಜನರ ಕ್ಲಾಸಿಗೂ ಇದರ ಹತ್ತಿರದ ಲೆಕ್ಕ ಕೇಳುವುದರಲ್ಲಿ ತಪ್ಪಿಲ್ಲ. ಪ್ರತಿಯೊಬ್ಬರಿಗೂ ಕನಿಷ್ಠ ಎರಡು ಸಲ, ಸಲಕ್ಕೆ ಎರಡು ನಿಮಿಷ ಒತ್ತಲು ಸಿಗುತ್ತದೆಯೇ ಎಂದು ಕೇಳಿ. ಕೊಟೇಶನ್ನಿನಲ್ಲಿ ಬೊಂಬೆಯ ಸಂಖ್ಯೆ ಬರೆದುಕೊಡಲು ಹಿಂದೆಮುಂದೆ ನೋಡುವವರನ್ನು ಅಲ್ಲಿಗೇ ಬಿಡಬಹುದು.

ಬೊಂಬೆಯೂ ಮಾತಾಡಬೇಕು. ಲೇರ್ಡಾಲ್ ಕಂಪನಿಯ ಲಿಟಲ್ ಆ್ಯನ್‌ನಲ್ಲಿ ಸರಿಯಾದ ಆಳಕ್ಕೆ ಒತ್ತಿದರೆ ಟಿಕ್ ಎನ್ನುವ ಸದ್ದು ಬರುತ್ತದೆ. ಅದರ ಹೊಸ ಮಾದರಿಗಳು ಮೊಬೈಲಿಗೆ ಜೋಡಿಕೊಂಡು ಆಳ, ವೇಗ, ಎದೆ ಪೂರ್ತಿ ಮೇಲೆದ್ದಿತೋ ಇಲ್ಲವೋ ಎಂಬುದನ್ನೆಲ್ಲ ಪರದೆಯ ಮೇಲೆ ತೋರಿಸುತ್ತವೆ. ಪ್ರೆಸ್ಟನ್ ಬೊಂಬೆಗಳಲ್ಲಿ ವೇಗ ಹೇಳುವ ಬಣ್ಣದ ದೀಪಗಳಿರುತ್ತವೆ. ಯಾವ ಸೂಚನೆಯೂ ಇಲ್ಲದ ಹಳೇ ಬೊಂಬೆಯಾದರೆ ಎಲ್ಲವೂ ಶಿಕ್ಷಕರ ಕಣ್ಣಿನ ಮೇಲೆ ನಿಂತಿತು. ಆ ಕಣ್ಣು 30 ಜನರ ಮೇಲೆ ಹರಿದಾಡುತ್ತಿದ್ದರೆ ನಿಮ್ಮ ಬಗ್ಗಿದ ಮೊಣಕೈ ಅದಕ್ಕೆ ಕಾಣುವುದಿಲ್ಲ.

ಕೈ ತಪ್ಪುವುದು ಎಲ್ಲಿ

ದೊಡ್ಡವರಿಗೆ ಎದೆ ಕನಿಷ್ಠ 5 ಸೆಂಟಿಮೀಟರ್ ಕೆಳಗಿಳಿಯಬೇಕು, 6 ದಾಟಬಾರದು. ನಿಮಿಷಕ್ಕೆ 100ರಿಂದ 120 ಒತ್ತು. 30 ಒತ್ತು, ಎರಡು ಉಸಿರು, ಮತ್ತೆ 30. ಇದನ್ನು ಯಾರು ಬೇಕಾದರೂ ಬಾಯಿಪಾಠ ಹೇಳುತ್ತಾರೆ. ತಪ್ಪುಗಳು ಇರುವುದು ದೇಹದಲ್ಲಿ.

ಮೊದಲನೆಯದು ಮೊಣಕೈ. ಬಗ್ಗಿಸಿ ತೋಳಿನ ಬಲದಲ್ಲಿ ಒತ್ತಿದರೆ ನಿಮಿಷದೊಳಗೆ ಸುಸ್ತಾಗಿ ಆಳ ಕಡಿಮೆಯಾಗುತ್ತದೆ. ಭುಜ ನೇರ ಅಂಗೈಯ ಮೇಲೆ ಬರುವಷ್ಟು ಮುಂದೆ ಬಾಗಿ, ಮೊಣಕೈ ಬಿಗಿಮಾಡಿ, ಸೊಂಟದಿಂದ ಮೈಭಾರ ಬಿಟ್ಟರೆ 50 ಕಿಲೋ ತೂಗುವವರೂ ಒತ್ತಬಲ್ಲರು. ಎರಡನೆಯದು ಕೈಯ ಜಾಗ. ಎದೆಯ ನಡುವೆ, ಎದೆಮೂಳೆಯ ಕೆಳ ಅರ್ಧದ ಮೇಲೆ, ಅಂಗೈಯ ಬುಡ ಕೂರಬೇಕು. ದಣಿದಂತೆ ಕೈ ಹೊಟ್ಟೆಯ ಕಡೆಗೆ ಜಾರುತ್ತದೆ. ಮೂರನೆಯದು ಬಹಳ ಜನರ ಗಮನಕ್ಕೇ ಬಾರದ್ದು: ಒತ್ತಿದ ಮೇಲೆ ಪೂರ್ತಿ ಬಿಡದಿರುವುದು. ಎದೆ ಮೇಲೆದ್ದಾಗಲೇ ಹೃದಯಕ್ಕೆ ರಕ್ತ ವಾಪಸು ತುಂಬಿಕೊಳ್ಳುವುದು. ಭಾರ ಹೊತ್ತೇ ಇದ್ದರೆ ಖಾಲಿ ಪಂಪು ಹೊಡೆದ ಹಾಗೆ.

ನಾಲ್ಕನೆಯದು ವೇಗ, ಮತ್ತು ಅದರಲ್ಲಿ ಕನ್ನಡದಲ್ಲಿ ಎಣಿಸುವವರಿಗೆ ಇರುವ ಒಂದು ತೊಡಕು. ನಿಮಿಷಕ್ಕೆ 110ರ ಲೆಕ್ಕದಲ್ಲಿ ಒಂದು ಒತ್ತಿಗೆ ಸಿಗುವುದು ಅರ್ಧ ಸೆಕೆಂಡಿಗಿಂತ ಚೂರು ಹೆಚ್ಚು. ಅಷ್ಟರಲ್ಲಿ 'ಇಪ್ಪತ್ತೊಂಬತ್ತು' ಬಾಯಲ್ಲಿ ಮುಗಿಯುವುದಿಲ್ಲ. ಇಪ್ಪತ್ತು ದಾಟಿದ ಮೇಲೆ ನಾಲಿಗೆಗೆ ತಕ್ಕಂತೆ ಕೈಯೂ ನಿಧಾನವಾಗುತ್ತದೆ. ಒಂದ್, ಎರ‍್ಡ್, ಮೂರ್, ನಾಕ್ ಎಂದು ಹತ್ತರವರೆಗೆ ಮೂರು ಸಲ ಎಣಿಸಿದರೆ ಲಯ ಕೆಡುವುದಿಲ್ಲ. ಬೆರಳು ಮಡಚಲು ಕೈ ಖಾಲಿಯಿಲ್ಲವಾದ್ದರಿಂದ ಎರಡನೇ ಹತ್ತನ್ನು ಸ್ವಲ್ಪ ಏರುದನಿಯಲ್ಲಿ, ಮೂರನೆಯದನ್ನು ಇನ್ನೂ ಏರುದನಿಯಲ್ಲಿ ಹೇಳುವ ಅಭ್ಯಾಸ ಒಳ್ಳೆಯದು. ಪಕ್ಕದಲ್ಲಿ ಉಸಿರು ಕೊಡಲು ಕೂತವರಿಗೂ ತಮ್ಮ ಸರದಿ ಬಂತೆಂದು ತಿಳಿಯುತ್ತದೆ. ಹಿಂದಿ, ಇಂಗ್ಲಿಷಿನಲ್ಲಿ ಎಣಿಸಿ ರೂಢಿಯಿದ್ದವರು ಹಾಗೇ ಎಣಿಸಲಿ. ಗಾಬರಿಯಲ್ಲಿ ಬಾಯಿಗೆ ಬರುವ ಭಾಷೆಯೇ ಸರಿ.

ಉಸಿರು ಕೊಡುವಾಗಿನ ತಪ್ಪು ಬೇರೆ ಥರ. ಗದ್ದ ಎತ್ತಿ ತಲೆ ಹಿಂದಕ್ಕೆ ವಾಲಿಸದಿದ್ದರೆ ನಾಲಿಗೆ ಗಂಟಲಿಗೆ ಅಡ್ಡ ಬೀಳುತ್ತದೆ, ಗಾಳಿ ಹೋಗುವುದಿಲ್ಲ. ಮೂಗು ಹಿಡಿಯದಿದ್ದರೆ ಅಲ್ಲಿಂದಲೇ ಸೋರುತ್ತದೆ. ಬಲೂನು ಊದಿದಂತೆ ಜೋರಾಗಿ ಊದಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗಬಹುದು. ಎದೆ ಮೇಲೇಳುವುದು ಕಣ್ಣಿಗೆ ಕಂಡರೆ ಸಾಕು, ಒಂದು ಉಸಿರಿಗೆ ಒಂದು ಸೆಕೆಂಡು. ಈ ಎರಡು ಉಸಿರಿಗಾಗಿ ಒತ್ತುವುದು ನಿಂತ ಹೊತ್ತು 10 ಸೆಕೆಂಡು ದಾಟಬಾರದು.

ಇನ್ನೊಂದು, ಗುರುತಿಸುವ ವಿಷಯ. ಹೃದಯ ನಿಂತವರು ಮೊದಲ ಕೆಲವು ನಿಮಿಷ ಆಗೊಮ್ಮೆ ಈಗೊಮ್ಮೆ ಗೊರಕೆಯಂತೆ, ಮೀನು ಬಾಯಿ ತೆರೆದಂತೆ ಏದುವುದುಂಟು. ಅದು ಉಸಿರಾಟವಲ್ಲ. 'ಉಸಿರಾಡ್ತಾ ಇದ್ದಾರೆ' ಎಂದು ನೀರು ಚಿಮುಕಿಸುತ್ತ, ಈರುಳ್ಳಿ ಮೂಸಿಸುತ್ತ ಕೂತರೆ ಹೊತ್ತು ಹೋಯಿತು. ಇದರ ವಿಡಿಯೋ ತೋರಿಸದ ಕ್ಲಾಸು ಅರೆಬರೆ ಕ್ಲಾಸು.

ಯಾರಿಗೆ ಯಾವ ಕ್ಲಾಸು

ಸೊಸೈಟಿಯ ಹಾಲಿನಲ್ಲಿ, ಕನ್ನಡ ಸಂಘದ ಸಭಾಂಗಣದಲ್ಲಿ ನೂರಾರು ಜನರಿಗೆ ಒಂದೇ ಸಲ ಹೇಳಿಕೊಡಬೇಕೆಂದಿದ್ದರೆ ಸಿಒಎಲ್ಎಸ್ (ಕಂಪ್ರೆಷನ್ ಓನ್ಲಿ ಲೈಫ್ ಸಪೋರ್ಟ್, ಅಂದರೆ ಬರೀ ಎದೆ ಒತ್ತುವುದು) ಸರಿ. ಇಂಡಿಯನ್ ರಿಸಸಿಟೇಶನ್ ಕೌನ್ಸಿಲ್ ಫೆಡರೇಷನ್ ನಮ್ಮ ದೇಶದ ಸಾಮಾನ್ಯ ಜನರಿಗೆಂದೇ ರೂಪಿಸಿದ ಕ್ರಮ ಇದು. ಗುರುತಿಸು, ಆಂಬುಲೆನ್ಸ್ ಕರೆ, ಎದೆ ಒತ್ತು, ಆಸ್ಪತ್ರೆಗೆ ಸಾಗಿಸು. ಬಾಯಿಗೆ ಬಾಯಿಟ್ಟು ಉಸಿರು ಕೊಡುವ ಮಾತಿಲ್ಲ. ಅಪರಿಚಿತರ ಬಾಯಿಗೆ ಬಾಯಿಡಲು ಹಿಂಜರಿದು ಏನನ್ನೂ ಮಾಡದೆ ನಿಲ್ಲುವುದಕ್ಕಿಂತ ಬರೀ ಒತ್ತುವುದು ಎಷ್ಟೋ ಮೇಲು. ಇಲ್ಲೂ ಬೊಂಬೆಯ ಪ್ರಶ್ನೆ ಕೇಳಲು ಮರೆಯಬೇಡಿ.

ಮನೆಯಲ್ಲಿ ಕೂಸು ಇದ್ದವರಿಗೆ, ಬಾಲವಾಡಿ ನಡೆಸುವವರಿಗೆ, ಈಜುಕೊಳವಿರುವ ಸೊಸೈಟಿಗಳಿಗೆ, ಗೋವಾದ ರೆಸಾರ್ಟು ಮತ್ತು ಕಡಲ ದಂಡೆಯ ಶ್ಯಾಕುಗಳಲ್ಲಿ ದುಡಿಯುವವರಿಗೆ ಅಷ್ಟು ಸಾಲದು. ಮಕ್ಕಳಲ್ಲೂ ನೀರಿಗೆ ಬಿದ್ದವರಲ್ಲೂ ಹೃದಯ ನಿಲ್ಲುವುದು ಹೆಚ್ಚಾಗಿ ಆಮ್ಲಜನಕ ತೀರಿದ್ದರಿಂದ. ರಕ್ತದಲ್ಲಿ ಆಮ್ಲಜನಕವೇ ಇಲ್ಲದಾಗ ಬರೀ ಒತ್ತಿದರೆ ಖಾಲಿ ರಕ್ತವೇ ಸುತ್ತುತ್ತದೆ. ಉಸಿರು ಕೊಡುವುದನ್ನು ಪಾಕೆಟ್ ಮಾಸ್ಕ್ (ಬಾಯಿ ಮೂಗು ಮುಚ್ಚಿ, ಅದರ ಮೂಲಕ ಊದುವ ಮುಸುಕು) ಹಿಡಿದು ಕಲಿಸುವ, ಮಗುವಿನ ಬೊಂಬೆಯನ್ನೂ ಕೂಸಿನ ಬೊಂಬೆಯನ್ನೂ ಬೇರೆಬೇರೆಯಾಗಿ ತರುವ ಕ್ಲಾಸೇ ಬೇಕು. ಪಣಜಿ, ಮಡಗಾಂವ್ ಕಡೆಯ ಹೋಟೆಲಿನವರು ಕೊಟೇಶನ್ ಕೇಳುವಾಗ 'ನೀರಿನಲ್ಲಿ ಮುಳುಗಿದವರಿಗೆ' ಎಂಬ ಮಾತನ್ನು ಸೇರಿಸಿಯೇ ಕೇಳಲಿ.

ಹೋಟೆಲಿನ ಅಡುಗೆಮನೆಗೆ ಇನ್ನೊಂದು ಲೆಕ್ಕ. ಅಲ್ಲಿ ಒದ್ದೆ ನೆಲ, ಗ್ರೈಂಡರಿನ ವಯರು, ಕುದಿಯುವ ಎಣ್ಣೆ ಇವೆ. ಹೊರಗೆ ಗಿರಾಕಿಯ ಗಂಟಲಿಗೆ ತುತ್ತು ಸಿಕ್ಕುವುದಿದೆ. ಸಿಪಿಆರ್ ಒಂದೇ ಇರುವ ಕ್ಲಾಸಿಗಿಂತ ಪ್ರಥಮ ಚಿಕಿತ್ಸೆ, ಸಿಪಿಆರ್, ಎಇಡಿ (ಎದೆಗೆ ಪ್ಯಾಡು ಅಂಟಿಸಿ ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಪೆಟ್ಟಿಗೆ) ಮೂರೂ ಸೇರಿದ ಇಡೀ ದಿನದ ಕ್ಲಾಸು ಮೇಲು. ಹಾರ್ಟ್‌ಸೇವರ್ ಹೆಸರಿನಲ್ಲಿ ಅಮೆರಿಕನ್ ಹಾರ್ಟ್‌ನವರದು ಇಂಥದ್ದೊಂದಿದೆ. ಸೇಂಟ್ ಜಾನ್ ಆಂಬುಲೆನ್ಸ್, ರೆಡ್ ಕ್ರಾಸ್ ನಡೆಸುವ ಪ್ರಥಮ ಚಿಕಿತ್ಸೆಯ ತರಗತಿಗಳಲ್ಲೂ ಸಿಪಿಆರ್ ಇರುತ್ತದೆ. ಶಾಕ್ ಹೊಡೆದವರನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ ಆರಿಸಬೇಕೆಂಬುದನ್ನು ನಿಮ್ಮದೇ ಅಡುಗೆಮನೆಯ ಸ್ವಿಚ್ ಬೋರ್ಡಿನ ಮುಂದೆ ನಿಂತು ತೋರಿಸಿ ಎಂದು ಕೇಳಿ. ಆ ಬೋರ್ಡು ಅಕ್ಕಿ ಮೂಟೆಗಳ ಹಿಂದೆ ಮುಚ್ಚಿಹೋಗಿದ್ದರೆ ಅದೂ ಅಂದೇ ಬೆಳಕಿಗೆ ಬರುತ್ತದೆ.

ನರ್ಸು, ಫಿಸಿಯೋ, ದಂತವೈದ್ಯರು ಮತ್ತು ಆಸ್ಪತ್ರೆಯ ಕೆಲಸ ಹುಡುಕುವವರಿಗೆ ಬಿಎಲ್ಎಸ್. ಇಲ್ಲಿ ಗಡಿಬಿಡಿ ಹೆಚ್ಚು. ಹಾರ್ಟ್‌ಸೇವರ್ ಸಾಮಾನ್ಯ ಜನರದ್ದು, ಬಿಎಲ್ಎಸ್ ಆರೋಗ್ಯ ಸಿಬ್ಬಂದಿಯದ್ದು. ಒಂದರ ಬದಲಿಗೆ ಇನ್ನೊಂದು ನಡೆಯುವುದಿಲ್ಲ. ಗಲ್ಫ್ ಕಡೆ ಅರ್ಜಿ ಹಾಕುವವರು ಕೆಲಸ ಕೊಡುವವರ ಪತ್ರದಲ್ಲಿ ಯಾವ ಸಂಸ್ಥೆಯ ಯಾವ ಕೋರ್ಸು ಎಂದು ಬರೆದಿದೆಯೋ ಅದನ್ನು ಅಕ್ಷರ ಬಿಡದೆ ಓದಿ, ಆ ಹೆಸರನ್ನೇ ಕೇಳಿ. ಬಿಎಲ್ಎಸ್‌ನಲ್ಲಿ 25 ಪ್ರಶ್ನೆಗಳ ಪರೀಕ್ಷೆ, 84 ಪ್ರತಿಶತ ಬಂದರೆ ಪಾಸು; ಅದರ ಮೇಲೆ ದೊಡ್ಡವರ ಬೊಂಬೆ, ಕೂಸಿನ ಬೊಂಬೆಗಳ ಮೇಲೆ ಕೈಪರೀಕ್ಷೆ.

ಕಾರ್ಡು ಓದುವುದು

ಅಮೆರಿಕನ್ ಹಾರ್ಟ್ ಕಾರ್ಡು ಎರಡು ವರ್ಷ ನಡೆಯುತ್ತದೆ. ಈಗ ಬರುವುದು ಇ-ಕಾರ್ಡು. ಅದರ ಮೇಲಿನ ಸಂಕೇತ ಸಂಖ್ಯೆಯನ್ನು ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿದರೆ ನಿಮ್ಮ ಹೆಸರು ಬರಬೇಕು. ಬರದಿದ್ದರೆ ಕಾಗದ ಎಷ್ಟು ಮಿರುಗಿದರೂ ಲೆಕ್ಕಕ್ಕಿಲ್ಲ. 'ಅಮೆರಿಕನ್ ಹಾರ್ಟ್ ಮಾರ್ಗಸೂಚಿ ಆಧಾರಿತ' ಎಂಬ ಮಾತನ್ನು ಎರಡು ಸಲ ಓದಿ. ಆಧಾರಿತ ಎಂದರೆ ಅವರ ಕಾರ್ಡು ಬರುವುದಿಲ್ಲ ಎಂದೇ ಅರ್ಥ. ಹಾಗೆಂದು ಆ ಕ್ಲಾಸು ಕೆಟ್ಟದ್ದಾಗಬೇಕಿಲ್ಲ. ಮನೆಮಂದಿಗಾಗಿ ಕಲಿಯುವವರಿಗೆ ಅದೂ ಆದೀತು. ನೌಕರಿಗೆ ಬೇಕಾದವರಿಗೆ ಮಾತ್ರ ದುಡ್ಡು ದಂಡ. 'ಜೀವನಪರ್ಯಂತ ಮಾನ್ಯ' ಎಂದು ಕಂಡರೆ ಮುಂದೆ ಓದುವ ಅಗತ್ಯವೇ ಇಲ್ಲ.

ಪೂರ್ತಿ ಆನ್‌ಲೈನ್ ಕ್ಲಾಸುಗಳದ್ದೂ ಇದೇ ಕಥೆ. ಪಾಠವನ್ನು ಕಂಪ್ಯೂಟರಿನಲ್ಲಿ ನೋಡಿ ಮುಗಿಸಿ ಕೈಪರೀಕ್ಷೆಗೆ ಮಾತ್ರ ಹೋಗುವ ಏರ್ಪಾಡು ಸಾಚಾ, ಸಮಯವೂ ಉಳಿಯುತ್ತದೆ. ಕೈಪರೀಕ್ಷೆಯೇ ಇಲ್ಲದೆ ಪಿಡಿಎಫ್ ಕಳಿಸುವವರಿಂದ ಈಜನ್ನು ಪುಸ್ತಕದಲ್ಲಿ ಕಲಿತಷ್ಟೇ ಲಾಭ.

ಶಿಕ್ಷಕರು ಹೊಸ ಪಾಠ ಓದಿದ್ದಾರೋ ಎಂದು ತಿಳಿಯಲು ಫೋನಿನಲ್ಲೇ ಎರಡು ಪ್ರಶ್ನೆ ಕೇಳಬಹುದು. ಅಮೆರಿಕನ್ ಹಾರ್ಟ್‌ನ 2025ರ ಮಾರ್ಗಸೂಚಿಯ ಪ್ರಕಾರ, ದೊಡ್ಡವರ ಗಂಟಲಿಗೆ ಏನಾದರೂ ಸಿಕ್ಕಿ ಉಸಿರು ಕಟ್ಟಿದರೆ ಮೊದಲು ಬೆನ್ನಿಗೆ ಐದು ಗುದ್ದು, ಆಮೇಲೆ ಹೊಟ್ಟೆಗೆ ಐದು ಒತ್ತು, ಹೀಗೆ ಸರದಿ. ಅವರ ಹಳೇ ಪಾಠದಲ್ಲಿ ದೊಡ್ಡವರಿಗೆ ಬರೀ ಹೊಟ್ಟೆ ಒತ್ತುವುದಿತ್ತು. ಕೂಸಿನ ಎದೆಯನ್ನು ಎರಡು ಬೆರಳಿಂದ ಒತ್ತುವ ಪದ್ಧತಿಯನ್ನೂ ಕೈಬಿಟ್ಟಿದ್ದಾರೆ, ಅದರಲ್ಲಿ ಆಳ ಸಾಲುವುದಿಲ್ಲವೆಂದು. ಈಗ ಒಂದು ಅಂಗೈಯ ಬುಡ, ಇಲ್ಲವೇ ಎರಡು ಕೈಯಿಂದ ಎದೆ ಸುತ್ತುವರಿದು ಎರಡು ಹೆಬ್ಬೆರಳು. ಇಂದಿಗೂ ಎರಡು ಬೆರಳು ತೋರಿಸುವವರ ಬಳಿ ಇರುವುದು ಹಳೇ ಪುಸ್ತಕ.

ದರ ಹೋಲಿಸುವಾಗ ಪುಸ್ತಕ, ಕಾರ್ಡು, ಜಿಎಸ್‌ಟಿ, ಬೊಂಬೆ ಸಾಗಿಸುವ ಖರ್ಚು ಸೇರಿದೆಯೋ ಇಲ್ಲವೋ ಕೇಳಿಕೊಂಡರೆ ಸಾಕು. ಬೊಂಬೆಯ ಬಾಯಿಯನ್ನು ಪ್ರತಿಯೊಬ್ಬರ ನಂತರ ಒರೆಸುತ್ತಾರೋ, ಒಳಗಿನ ಚೀಲ ಬದಲಿಸುತ್ತಾರೋ ಎಂದೂ ಕೇಳಿ.

ಕೆಲಸದ ಜಾಗದಲ್ಲಿ

ಕಂಪನಿಗಳಲ್ಲಿ ಸಾಮಾನ್ಯವಾಗಿ ಆಗುವುದು ಇಷ್ಟು: ಎಚ್ಆರ್‌ನವರು ಹೆಸರು ಕೇಳುತ್ತಾರೆ, ಹಗಲು ಪಾಳಿಯ ಉತ್ಸಾಹಿಗಳು ಹೆಸರು ಕೊಡುತ್ತಾರೆ, ರಾತ್ರಿ ಪಾಳಿಯಲ್ಲಿ ಕಲಿತವರು ಒಬ್ಬರೂ ಇಲ್ಲ. ಹೆಸರಿನ ಬದಲು ಜಾಗದಿಂದ ಲೆಕ್ಕ ಹಿಡಿಯಿರಿ. ಒಂದು ಮಹಡಿಯಲ್ಲಿ ಯಾವ ಹೊತ್ತಿನಲ್ಲೂ ಕಲಿತವರು ಇಬ್ಬರು ಇರಬೇಕು, ಒಬ್ಬರು ಒತ್ತಲು, ಇನ್ನೊಬ್ಬರು 108ಕ್ಕೆ ಕರೆಮಾಡಿ ಎಇಡಿ ತರಲು. ಎರಡು ನಿಮಿಷಕ್ಕೆ ಅದಲುಬದಲು. ಮೂರು ಪಾಳಿಗೆ ಆರು ಜನ. ವಾರದ ರಜೆ, ಊರಿಗೆ ಹೋದವರು, ಕೆಲಸ ಬಿಟ್ಟವರು ಎಂದು ಸೇರಿಸಿದರೆ ಒಂಬತ್ತು. ಚಾಕಣ ಕಡೆಯ ಕಾರ್ಖಾನೆಯಾದರೆ ಗೇಟಿನ ಸೆಕ್ಯೂರಿಟಿಯವರನ್ನೂ ಕ್ಯಾಂಟೀನಿನವರನ್ನೂ ಗುತ್ತಿಗೆಯವರೆಂದು ಬಿಡಬೇಡಿ. ಇಪ್ಪತ್ನಾಲ್ಕು ತಾಸೂ ಸಿಗುವವರು ಅವರೇ.

ಉಡುಪಿ ಹೋಟೆಲುಗಳಿಗೆ ಇಡೀ ದಿನ ಬಾಗಿಲು ಹಾಕಲಾಗುವುದಿಲ್ಲ. ಮಧ್ಯಾಹ್ನದ ಊಟ ಮುಗಿದ ಮೇಲೆ, ಸಂಜೆಯ ತಿಂಡಿಗೆ ಜನ ಬರುವ ಮೊದಲು, ಮೂರೂವರೆಯಿಂದ ಐದರವರೆಗಿನ ಬಿಡುವೇ ಗತಿ. ಒಂದೇ ದಿನ ತುರುಕುವ ಬದಲು ಆರಾರು ಜನರ ತಂಡ ಮಾಡಿ, ಪ್ರತಿ ತಂಡಕ್ಕೂ ಇದೇ ಹೊತ್ತಿನಲ್ಲಿ ಮೂರು ನಾಲ್ಕು ದಿನ ಕೊಡಲು ಒಪ್ಪುವವರನ್ನು ಹುಡುಕಿ. ಮೇ ತಿಂಗಳಲ್ಲಿ, ಚೌತಿಯ ಹೊತ್ತಿನಲ್ಲಿ ಇಟ್ಟುಕೊಳ್ಳಬೇಡಿ, ಅರ್ಧ ಜನ ಊರಿನಲ್ಲಿರುತ್ತಾರೆ. ಭಾಷೆಯನ್ನೂ ಮೊದಲೇ ಹೇಳಿ. ಗಲ್ಲಾದಲ್ಲಿ ಕೂತವರಿಗೆ ಇಂಗ್ಲಿಷ್ ನಡೆದೀತು. ಒಳಗೆ ತುಳು, ಕನ್ನಡ, ಹಿಂದಿ, ನೇಪಾಳಿ ಮಾತಾಡುವ ಹುಡುಗರಿಗೆ ಇಂಗ್ಲಿಷಿನ ಲಿಖಿತ ಪರೀಕ್ಷೆಯಿಟ್ಟರೆ ಒತ್ತಲು ಬಲ್ಲವನೂ ಫೇಲಾಗುತ್ತಾನೆ.

ಕಾನೂನಿನ ಕಾಗದಕ್ಕಾಗಿ ಕಲಿಸುವವರು ಒಂದು ವಿಷಯ ನೋಡಿಕೊಳ್ಳಬೇಕು. 1948ರ ಕಾರ್ಖಾನೆ ಕಾಯ್ದೆಯ 45ನೇ ಕಲಮು 150 ಕಾರ್ಮಿಕರಿಗೆ ಒಂದರಂತೆ ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇರಬೇಕು, ಅದರ ಹೊಣೆ ರಾಜ್ಯ ಸರ್ಕಾರ ಮಾನ್ಯ ಮಾಡಿದ ಪ್ರಥಮ ಚಿಕಿತ್ಸೆ ಸರ್ಟಿಫಿಕೇಟು ಉಳ್ಳವರ ಮೇಲಿರಬೇಕು, ಅವರು ಕೆಲಸದ ಹೊತ್ತಿನಲ್ಲೆಲ್ಲ ಸಿಗಬೇಕು ಎಂದಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ ಬಂದಿದೆ. ತಪಾಸಣೆಗೆ ಬರುವವರು ಕೇಳುವುದು ಪ್ರಥಮ ಚಿಕಿತ್ಸೆಯ ಕಾಗದ. ಬರೀ ಸಿಪಿಆರ್ ಕಾರ್ಡು ಅದರ ಬದಲಿಗೆ ನಿಲ್ಲುತ್ತದೆಂದು ತಿಳಿದುಕೊಂಡು ದುಡ್ಡು ಕಟ್ಟಬೇಡಿ. ನಿಮ್ಮ ಸೇಫ್ಟಿ ಆಫೀಸರನ್ನು ಮೊದಲು ಕೇಳಿ.

ಎಇಡಿ ಇರುವ ಜಾಗದಲ್ಲಿ ಕ್ಲಾಸಿನ ಕೊನೆಯ ಅರ್ಧ ತಾಸನ್ನು ಅದರ ಮುಂದೆಯೇ ಕಳೆಯಿರಿ. ಶಿಕ್ಷಕರು ತರುವ ತರಬೇತಿ ಪೆಟ್ಟಿಗೆ ಒಂದು ಕಂಪನಿಯದು, ಗೋಡೆಯ ಮೇಲಿರುವುದು ಇನ್ನೊಂದರದು. ಒಂದರಲ್ಲಿ ಮುಚ್ಚಳ ತೆಗೆದರೆ ತಾನೇ ಚಾಲೂ ಆಗುತ್ತದೆ, ಇನ್ನೊಂದರಲ್ಲಿ ಗುಂಡಿ ಒತ್ತಬೇಕು. ಅತಿ ದೂರದ ಮೇಜಿನಿಂದ ನಡೆದು ಅದನ್ನು ತಂದು ಬರಲು ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ಹಿಡಿದು ನೋಡಿ. ಶಾಕ್ ಒಂದು ನಿಮಿಷ ತಡವಾದರೆ, ಯಾರೂ ಎದೆ ಒತ್ತದಿದ್ದಲ್ಲಿ, ಬದುಕುವ ಸಾಧ್ಯತೆ ಪ್ರತಿಶತ 7ರಿಂದ 10ರಷ್ಟು ಇಳಿಯುತ್ತದೆ. ಪೆಟ್ಟಿಗೆ ಸೆಕ್ಯೂರಿಟಿ ಕೋಣೆಯಲ್ಲಿ, ಕೀಲಿ ಇನ್ನೊಬ್ಬರ ಜೇಬಿನಲ್ಲಿ ಇದ್ದರೆ ಅದು ಅಲ್ಲಿದ್ದೂ ಇಲ್ಲದ ಹಾಗೆ.

ಪ್ಯಾಡು ಅಂಟಿಸುವುದನ್ನು ಬೋಳು ಎದೆಯ ಬೊಂಬೆಯ ಮೇಲೆ ಕಲಿತವರು ನಿಜವಾದ ಮೈ ಕಂಡಾಗ ತಡವರಿಸುತ್ತಾರೆ. ಮುಂಬಯಿಯ ಸೆಕೆಗೆ ಎದೆ ಬೆವರಿರುತ್ತದೆ, ಒರೆಸದಿದ್ದರೆ ಪ್ಯಾಡು ಹಿಡಿಯುವುದಿಲ್ಲ. ಕೂದಲು ದಟ್ಟವಿದ್ದರೆ ಪೆಟ್ಟಿಗೆಯಲ್ಲಿ ಒಂದು ರೇಜರ್ ಇರಬೇಕು. ಹೆಂಗಸರಾದರೆ ರವಿಕೆ ಕತ್ತರಿಸಲು ಜನ ಹಿಂಜರಿಯುತ್ತಾರೆ, ಆ ಹಿಂಜರಿಕೆಯಲ್ಲೇ ನಿಮಿಷಗಳು ಹೋಗುತ್ತವೆ. ಪ್ಯಾಡು ಬರಿ ಚರ್ಮದ ಮೇಲೇ ಕೂರಬೇಕು. ಸುತ್ತ ಸೀರೆಯೋ ದುಪಟ್ಟಾವೋ ಹಿಡಿದು ಇನ್ನಿಬ್ಬರು ಮರೆ ಮಾಡಬಹುದು. ಕರಿಮಣಿ ಕತ್ತರಿಸಬೇಕಿಲ್ಲ, ಪಕ್ಕಕ್ಕೆ ಸರಿಸಿದರೆ ಸಾಕು. ಈ ಮಾತುಗಳನ್ನು ಶಿಕ್ಷಕರು ತಾವಾಗಿ ತೆಗೆಯದಿದ್ದರೆ ನೀವೇ ತೆಗೆಯಿರಿ.

108ಕ್ಕೆ ಕರೆ ಮಾಡುವುದನ್ನೂ ಅಭ್ಯಾಸ ಮಾಡಿಸಬೇಕು. ಮಹಾರಾಷ್ಟ್ರ, ಗೋವಾ ಎರಡರಲ್ಲೂ ಅದೇ ನಂಬರು. ಫೋನನ್ನು ಸ್ಪೀಕರಿನಲ್ಲಿಟ್ಟು ನೆಲದ ಮೇಲಿಡಿ, ಕೈ ಎದೆಯ ಮೇಲಿರಲಿ. ಕಟ್ಟಡದ ಹೆಸರು, ಯಾವ ವಿಂಗ್, ಹತ್ತಿರದ ಗುರುತು ಹೇಳಿ. ಒಬ್ಬರು ಕೆಳಗೋಡಿ ಗೇಟು ತೆಗೆಸಿ ಲಿಫ್ಟ್ ತಡೆದು ನಿಲ್ಲಬೇಕು. ಡೊಂಬಿವಲಿಯ ಹಳೇ ಕಟ್ಟಡಗಳ ಲಿಫ್ಟಿನಲ್ಲಿ ಸ್ಟ್ರೆಚರ್ ಮಲಗುವುದಿಲ್ಲವಾದರೆ ವಾಚ್‌ಮನ್‌ಗೆ ಅದೂ ಗೊತ್ತಿರಬೇಕು.

ಕಾರ್ಡು ಎರಡು ವರ್ಷ ನಡೆದರೂ ಕೈ ಅಷ್ಟು ದಿನ ನೆನಪಿಡುವುದಿಲ್ಲ, ಕೆಲವೇ ತಿಂಗಳಲ್ಲಿ ಆಳವೂ ಲಯವೂ ಕೆಡುತ್ತವೆ. ಕಲಿಸಿದವರನ್ನೇ ಮೂರು ತಿಂಗಳಿಗೊಮ್ಮೆ ಒಂದು ತಾಸಿಗೆ ಕರೆಸುವ ಒಪ್ಪಂದ ಮಾಡಿಕೊಳ್ಳಿ. ಅದಾಗದಿದ್ದರೆ ಸೊಸೈಟಿಯೋ ಸಂಘವೋ ನಾಲ್ಕು ಹೋಟೆಲುಗಳು ಕೂಡಿಯೋ ಟಿಕ್ ಎನ್ನುವ ಬೊಂಬೆಯೊಂದನ್ನು ಕೊಂಡು ಸರದಿಯಲ್ಲಿ ಇಟ್ಟುಕೊಳ್ಳಬಹುದು. ತಲೆಗೆ ಎರಡು ನಿಮಿಷದಂತೆ ಒತ್ತಿ ಎದ್ದರಾಯಿತು. ಅದೇ ದಿನ ಎಇಡಿಯ ಹಸಿರು ದೀಪ ಉರಿಯುತ್ತಿದೆಯೋ, ಪ್ಯಾಡಿನ ಮೇಲಿನ ತಾರೀಕು ಮುಗಿದಿದೆಯೋ ನೋಡಿಬಿಡಿ. ಪ್ಯಾಡಿನ ಅಂಟು ಒಣಗುತ್ತದೆ, ಬಳಸದೆ ಇಟ್ಟರೂ.